ಬೂದಿ ಮುಚ್ಚಿದ ಕೆಂಡ

ಪಾಮನಕಲ್ಲೂರು ಎಂದರೆ ಬೆಂಗಳೂರಿನ ಮಿತ್ರರಲ್ಲಿ ಅನೇಕರಿಗೆ ಅದು ಎಲ್ಲಿದೆಯೆಂದು ಬಿಡಿಸಿ ಹೇಳಬೇಕಾಗುತ್ತದೆ. ಅಶೋಕನ ಹೆಸರನ್ನು ಹೊತ್ತ ಶಾಸನ 1915ರಲ್ಲಿ ದೊರೆತ ಮಸ್ಕಿಯ ಕಡೆ ಎಂದರೆ ಕೆಲವರು ತಲೆಯಾಡಿಸುತ್ತಾರೆ. ಹಟ್ಟಿ ಚಿನ್ನದ ಗಣಿಯ ಸೀಮೆ ಎಂದರೆ ಇನ್ನು ಕೆಲವರು. ಲಿಂಗಸೂಗೂರು, ಸಿಂಧನೂರು, ಮಸ್ಕಿಗಳ ಈ ನಾಡಿನಲ್ಲಿ ಬೇರೆ ಏನಕ್ಕೆ ಕೊರತೆಯಿದ್ದರೂ ಬಿಸಿಲಿಗೆ ಕೊರತೆಯಿಲ್ಲ. ಬೇಸಗೆಯಲ್ಲಿ ಪಾದರಸ 40 ಡಿಗ್ರಿಯನ್ನು ದಾಟುವುದು ನಮಗೆ ಸುದ್ದಿಯೇ ಅಲ್ಲ. ನೀರು ಹೆಪ್ಪುಗಟ್ಟುವ ಚಳಿಯನ್ನಂತೂ ನಮ್ಮ ಹಿರಿಯರಾರೂ ಊರಲ್ಲಿ ಕಂಡವರಲ್ಲ. ಅಂಥ ಊರಿನವನಾದ ನಾನು ಹಿಮದ ಚಳಿಯಲ್ಲಿ ಬ್ಯಾಟರಿಯನ್ನು ಕಾಪಾಡಿದವರ ಚರಿತ್ರೆಯನ್ನು ಬರೆಯಹೊರಟಿರುವುದು ವಾಚಕರಿಗೆ ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಇದಕ್ಕೊಂದು ಕಾರಣವುಂಟು. ನಾನೊಂದು ತಪ್ಪು ಮಾಡಿದ್ದೆ. ಆ ತಪ್ಪೇ ನನ್ನನ್ನು ಈ ಚರಿತ್ರೆಯ ಬೆನ್ನುಹತ್ತುವಂತೆ ಮಾಡಿತು.

ನಮ್ಮ ಅಣ್ಣನ ಮಗ ಸೈನ್ಯದಲ್ಲಿದ್ದಾನೆ. 2022ರ ದೀಪಾವಳಿಗೆ ರಜೆಯ ಮೇಲೆ ಬಂದಿದ್ದವನು ಲಡಾಖಿಗೆ ಹಿಂದಿರುಗುವಾಗ ಒಂದು ಸೌರದೀಪವನ್ನು ಅವನ ಟ್ರಂಕಿನಲ್ಲಿ ಇಟ್ಟುಕೊಟ್ಟೆ. ಪಾಟಿಯಷ್ಟು ಅಗಲದ ಫಲಕ, ಅದರ ಬೆನ್ನಿಗೇ ಲಿಥಿಯಂ ಬ್ಯಾಟರಿಯ ಡಬ್ಬಿ, ಅಲ್ಲಿಂದ ಉದ್ದನೆಯ ತಂತಿ, ತುದಿಗೆ ಬಲ್ಬು. ನಮ್ಮ ಮನೆಯ ಮಾಳಿಗೆಯ ಮೇಲೆ ಅಂಥದೇ ಒಂದನ್ನು ಎರಡು ವರ್ಷ ಬಳಸಿ ಪಳಗಿದ್ದ ನಾನು, ಹಿರಿಯನೆಂಬ ಹಕ್ಕಿನಿಂದ ಬುದ್ಧಿಮಾತನ್ನೂ ಹೇಳಿದೆ. “ಬ್ಯಾಟರಿಗೆ ಕಾವು ಆಗೋದಿಲ್ಲಪ್ಪಾ. ಡಬ್ಬಿ ಹೊರಗೇ, ತಂಪಿನ್ಯಾಗ ಇರಲಿ. ಮುಂಜಾನಿ ಎಳೆಬಿಸಿಲಿಗೇ ತುಂಬಿಬಿಡಲಿ,” ಎಂದೆ. ನಮ್ಮೂರಿನ ಮಟ್ಟಿಗೆ ಈ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಇಲ್ಲಿ ಬ್ಯಾಟರಿಯ ಆಯುಷ್ಯವನ್ನು ತಿನ್ನುವುದು ಬಿಸಿಲೇ.

ಜನವರಿಯಲ್ಲಿ ಅವನ ಫೋನು ಬಂತು. “ಕಾಕಾ, ನಿಮ್ಮ ದೀಪ ಹತ್ತವಲ್ದು ನೋಡ್ರಿ. ಡಬ್ಬಿ ಉಬ್ಬೇತಿ.” ಮೊದಮೊದಲು ರಾತ್ರಿಯೆಲ್ಲ ಉರಿಯುತ್ತಿದ್ದ ದೀಪ ಕ್ರಮೇಣ ಅರ್ಧ ಗಂಟೆಗೆ ಇಳಿದಿತ್ತು. ಏನಾಗಿದೆ ನೋಡೋಣವೆಂದು ಅವನು ಡಬ್ಬಿಯನ್ನು ಒಳಗೆ ತಂದು, ಉರಿಯುವ ಒಲೆಯ ಪಕ್ಕದಲ್ಲಿ, ತಲೆದಿಂಬಿನ ಬಳಿಯೇ ಇಟ್ಟುಕೊಂಡಿದ್ದನಂತೆ. ಎಂಟು ಮಂದಿ ಮಲಗುವ ಡೇರೆ ಅದು. ತಂತಿ, ಯಂತ್ರಗಳನ್ನು ಬಲ್ಲ ಹವಾಲ್ದಾರರೊಬ್ಬರು ಅದನ್ನು ಕಂಡವರೇ ಹೊರಗೆ ಒಯ್ದು ಮರಳಿನ ಬಕೆಟ್ಟಿನಲ್ಲಿಟ್ಟು ಬಂದರು. “ಇದನ್ನ ಥಂಡಿಯೊಳಗ ಚಾರ್ಜಿಗೆ ಇಡು ಅಂತ ಯಾರು ಹೇಳಿದ್ರು ಅಂತ ಬೈದ್ರು ರೀ. ನಮ್ಮ ಕಾಕಾ ಹೇಳ್ಯಾರ ಅಂತ ಹ್ಯಾಂಗ ಹೇಳ್ಲಿ?” ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ.

ಆ ಹವಾಲ್ದಾರರು ಬಲ್ಲ ಸಂಗತಿ ನನಗೇಕೆ ತಿಳಿದಿರಲಿಲ್ಲ ಎಂದು ಓದತೊಡಗಿದೆ.

ಲಿಥಿಯಂ ಬ್ಯಾಟರಿಗೆ ವಯಸ್ಸು ಹೆಚ್ಚಲ್ಲ. 1970ರ ದಶಕದಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಅಮೆರಿಕದ ತೈಲ ಕಂಪನಿಯೊಂದರ ಪ್ರಯೋಗಶಾಲೆಯಲ್ಲಿ ಇದರ ಮೊದಲ ರೂಪವನ್ನು ಕಟ್ಟಿದರು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಜಾನ್ ಗುಡ್‌ಇನಫ್ ಅದಕ್ಕೆ ಕೋಬಾಲ್ಟಿನ ಬಲ ತಂದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ, ಅಪಾಯಕಾರಿಯಾದ ಲಿಥಿಯಂ ಲೋಹವನ್ನು ತೆಗೆದು ಅದರ ಸ್ಥಾನದಲ್ಲಿ ಇಂಗಾಲವನ್ನಿಟ್ಟರು. 1991ರಲ್ಲಿ ಸೋನಿ ಕಂಪನಿ ಅದನ್ನು ಅಂಗಡಿಗೆ ತಂದಿತು. ಮೂವರಿಗೂ 2019ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ. ಇಂದು ಸೌರದೀಪಗಳಲ್ಲಿ ಬಹಳವಾಗಿ ಬಳಸುವ ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆಯನ್ನು ಲೋಕಕ್ಕೆ ತಿಳಿಸಿದ 1997ರ ಪ್ರಬಂಧದ ಮೇಲೆ ಮೂವರ ಹೆಸರಿದೆ: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ನಂಜುಂಡಸ್ವಾಮಿ ಎಂಬ ಹೆಸರನ್ನು ಅಲ್ಲಿ ಕಂಡಾಗ ಕನ್ನಡಿಗನ ಕಿವಿ ನಿಮಿರದೆ ಇದ್ದೀತೇ?

ಯೋಶಿನೊ ಲೋಹವನ್ನು ಹೊರಹಾಕಿದರೆಂದು ಹೇಳಿದೆನಷ್ಟೆ. ಚಳಿಯ ಕಥೆಯೆಲ್ಲ ಇರುವುದು ಅಲ್ಲಿಯೇ. ಬ್ಯಾಟರಿ ತುಂಬುವಾಗ ಲಿಥಿಯಂ ಕಣಗಳು ಒಂದು ಬದಿಯಿಂದ ಹೊರಟು, ನಡುವಿನ ದ್ರವದಲ್ಲಿ ಸಾಗಿ, ಇನ್ನೊಂದು ಬದಿಯ ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಉಗ್ರಾಣದ ಮುಂದೆ ಜೋಳದ ಚೀಲ ಹೊತ್ತ ಬಂಡಿಗಳು ಸಾಲುಗಟ್ಟಿ ನಿಂತುದನ್ನು ನೆನೆಯಿರಿ. ಹಮಾಲರು ಚುರುಕಾಗಿದ್ದರೆ ಚೀಲವೆಲ್ಲ ಒಳಗೆ ಸೇರುತ್ತದೆ. ಚಳಿಗೆ ಹಮಾಲರ ಕೈ ಮರಗಟ್ಟಿದರೆ? ಬಂಡಿಗಳು ಬರುತ್ತಲೇ ಇರುತ್ತವೆ, ಚೀಲಗಳು ಬಾಗಿಲ ಹೊರಗೇ ರಾಶಿ ಬೀಳುತ್ತವೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಬ್ಯಾಟರಿಯನ್ನು ತುಂಬಿದರೆ ಆಗುವುದು ಇದೇ. ಪದರಗಳ ಒಳಗೆ ಸೇರಬೇಕಾದ ಲಿಥಿಯಂ ಹೊರಮೈಯ ಮೇಲೆ ಲೋಹವಾಗಿ ಕೂರುತ್ತದೆ. ಯೋಶಿನೊ ಮುಂಬಾಗಿಲಿಂದ ಹೊರಗಟ್ಟಿದ ಲೋಹ ಹಿತ್ತಿಲ ಬಾಗಿಲಿಂದ ಒಳಗೆ ಬಂದಂತಾಯಿತು. ಹಾಗೆ ಕೂತದ್ದರಲ್ಲಿ ಒಂದು ಪಾಲು ಮತ್ತೆ ಕೆಲಸಕ್ಕೆ ಬಾರದು. ಬ್ಯಾಟರಿಯ ಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಲೋಹ ಮುಳ್ಳಿನಂತೆ ಬೆಳೆದು ನಡುವಣ ತೆಳುಪರದೆಯನ್ನು ಚುಚ್ಚಿದರೆ ಎರಡು ಬದಿಗಳೂ ಒಳಗೇ ತಾಗಿ ಬೆಂಕಿ ಹೊತ್ತಬಹುದು. ಮೊದಮೊದಲು ಹೊರಗಿನಿಂದ ಏನೂ ಕಾಣುವುದಿಲ್ಲ. ಎಂದೋ ಚಳಿಯಲ್ಲಿ ಆದ ಗಾಯ ಇನ್ನೆಂದೋ ಬೆಚ್ಚಗಿನ ಕೋಣೆಯಲ್ಲಿ ಬೆಂಕಿಯಾಗಿ ಏಳಬಹುದು. ಬೂದಿ ಮುಚ್ಚಿದ ಕೆಂಡವೆಂದು ನಾವು ಹೇಳುವುದು ಇಂಥದ್ದನ್ನೇ.

ಆದರೆ ತುಂಬಿದ ಬ್ಯಾಟರಿಯಿಂದ ಚಳಿಯಲ್ಲಿ ಶಕ್ತಿಯನ್ನು ತೆಗೆಯುವುದು ಇಷ್ಟು ಅಪಾಯದ ಕೆಲಸವಲ್ಲ. ಸಾಮಾನ್ಯ ಬ್ಯಾಟರಿಗಳು ಸೊನ್ನೆಗಿಂತ 20 ಡಿಗ್ರಿ ಕೆಳಗಿನವರೆಗೂ, ಮುನಿಸಿಕೊಂಡಾದರೂ, ಕೊಡುತ್ತವೆ. ಬೆಚ್ಚಗಾದ ಮೇಲೆ ಮೊದಲಿನಂತಾಗುತ್ತವೆ. ಕೊಡುವಾಗ ಸಹಿಸುವ ಚಳಿಯನ್ನು ಪಡೆಯುವಾಗ ಸಹಿಸುವುದಿಲ್ಲ. ಈ ವ್ಯತ್ಯಾಸವೇ ನನಗೆ ತಿಳಿಯದೆ ಹೋದದ್ದು. ಇನ್ನೊಂದು ವಿಪರ್ಯಾಸವನ್ನೂ ಹೇಳಬೇಕು. ಸೌರಫಲಕ ತಂಪಿನಲ್ಲಿ ಹೆಚ್ಚು ಸಮರ್ಥವಾಗಿ ಕೆಲಸ ಮಾಡುತ್ತದೆ. ಲಡಾಖಿನ ತಿಳಿಯಾದ ಆಕಾಶದಲ್ಲಿ ಸೂರ್ಯ ಹುಟ್ಟಿದೊಡನೆ ಫಲಕವು ಉತ್ಸಾಹದಿಂದ ವಿದ್ಯುತ್ತನ್ನು ಹರಿಸುತ್ತದೆ. ರಾತ್ರಿಯೆಲ್ಲ ಕೊರೆದು ಕಲ್ಲಾದ ಬ್ಯಾಟರಿ ಅದೇ ಹೊತ್ತಿಗೆ ಎಲ್ಲಕ್ಕಿಂತ ತಣ್ಣಗಿರುತ್ತದೆ. ಎಳೆಬಿಸಿಲಿಗೇ ತುಂಬಿಸು ಎಂಬ ನನ್ನ ಮಾತು ಅಲ್ಲಿ ವಿಷವಾದದ್ದು ಹೀಗೆ.

ಸೂರ್ಯನ ಬೆಳಕನ್ನು ಹಗಲು ಕೂಡಿಟ್ಟು ಚಳಿಯ ರಾತ್ರಿಯನ್ನು ಕಳೆಯುವ ಈ ವಿದ್ಯೆಯನ್ನು ನಮ್ಮ ದೇಶ ಕಲಿತದ್ದು ಹಿಮಾಲಯದಲ್ಲೇ ಇರಬೇಕೆಂದು ತೋರುವುದು ಸಹಜ. ಆದರೆ ಅದರ ಒಂದು ಮುಖ್ಯ ಪಾಠಶಾಲೆ ನಡೆದದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ. ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಅಲ್ಲಿ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಆಕಾಶಕ್ಕೇರಿತು. ಭೂಮಿಯನ್ನು ಸುಮಾರು 96 ನಿಮಿಷಕ್ಕೊಮ್ಮೆ ಸುತ್ತುವ ಅಂಥ ಉಪಗ್ರಹಕ್ಕೆ ದಿನಕ್ಕೆ ಹದಿನೈದು ಬಾರಿ ಸೂರ್ಯಾಸ್ತ. ಪ್ರತಿ ಸಲವೂ ಸುಮಾರು ಅರ್ಧ ಗಂಟೆಯ ಕತ್ತಲು, ಚಳಿ. ಅಷ್ಟು ಹೊತ್ತು ಬ್ಯಾಟರಿಯೇ ಗತಿ. ಆಗ ಬಳಸಿದ್ದು ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ. ಲಿಥಿಯಂ ಇನ್ನೂ ಪ್ರಯೋಗಶಾಲೆಯ ಕೂಸು. ನಾಲ್ಕು ದಿನಗಳ ಬಳಿಕ ವಿದ್ಯುತ್ ಪೂರೈಕೆಯ ದೋಷದಿಂದ ಆರ್ಯಭಟನ ವೈಜ್ಞಾನಿಕ ಪ್ರಯೋಗಗಳು ನಿಂತವು. ಮೊದಲ ಪಾಠವೇ ವಿದ್ಯುತ್ತಿನದಾಯಿತು.

2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರ ಹೊತ್ತಿಗೆ ನಮ್ಮವರು ಲಿಥಿಯಂ ಅಯಾನ್ ಬ್ಯಾಟರಿಗೆ ಬಂದಿದ್ದರು. 2013ರ ನವೆಂಬರ್ 5ರಂದು ಹೊರಟ ಮಂಗಳಯಾನದಲ್ಲೂ ಅದೇ. ಮಂಗಳನ ನೆರಳಿನಲ್ಲಿ ಸುಮಾರು 1 ಗಂಟೆ 40 ನಿಮಿಷ ಕಳೆಯಲು ಸಾಕಾಗುವಂತೆ ಆ ಬ್ಯಾಟರಿಯನ್ನು ರೂಪಿಸಿದ್ದರು. ಆರು ತಿಂಗಳಿಗೆಂದು ಕಳಿಸಿದ ನೌಕೆ ಎಂಟು ವರ್ಷ ಬಾಳಿತು. ಇಂಧನ ಮುಗಿಯುತ್ತ ಬಂದಂತೆ ಕಕ್ಷೆಯನ್ನು ಬದಲಿಸಿ ನೆರಳನ್ನು ತಪ್ಪಿಸಿಕೊಳ್ಳುವ ಉಪಾಯವೂ ಮುಗಿಯಿತು. 2022ರ ಏಪ್ರಿಲಿನ ದೀರ್ಘ ಗ್ರಹಣದ ತರುವಾಯ ಅದು ಮಾತನಾಡಲಿಲ್ಲ.

ಇನ್ನು ಚಂದ್ರನ ರಾತ್ರಿ. ಅಲ್ಲಿ ಹಗಲು ನಮ್ಮ 14 ದಿನ, ರಾತ್ರಿಯೂ ಅಷ್ಟೇ. 2023ರ ಆಗಸ್ಟ್ 23ರ ಸಂಜೆ ವಿಕ್ರಮ ಇಳಿದ ದಕ್ಷಿಣದ ನೆಲದಲ್ಲಿ ಶೀತ ಸೊನ್ನೆಗಿಂತ 150 ಡಿಗ್ರಿಗೂ ಕೆಳಗೆ ಜಾರುತ್ತದೆ. ವಿಕ್ರಮನ ಶಾಖಮಾಪಕ ಇನ್ನೊಂದು ಕೌತುಕವನ್ನೂ ತೋರಿಸಿತು: ನಡುಹಗಲಲ್ಲಿ ಮೇಲ್ಮಣ್ಣು 50 ಡಿಗ್ರಿಗೂ ಮೀರಿ ಕಾದಿದ್ದಾಗ, ಕೇವಲ 80 ಮಿಲಿಮೀಟರು ಆಳದಲ್ಲಿ ಸೊನ್ನೆಗಿಂತ 10 ಡಿಗ್ರಿ ಕೆಳಗೆ! ಚಂದ್ರನ ಧೂಳು ನಮ್ಮ ಒಲೆಯ ಬೂದಿಯಂತೆ, ಶಾಖವನ್ನು ಅತ್ತಿತ್ತ ಬಿಡುವುದಿಲ್ಲ.

ವಿಕ್ರಮನೂ ಪ್ರಜ್ಞಾನನೂ ಒಂದು ಚಂದ್ರಹಗಲಿನ ಕೆಲಸಕ್ಕೆಂದು ಕಳಿಸಿದವರು. ಬೆಂಗಳೂರಿನ ಉಪಗ್ರಹ ಕೇಂದ್ರದವರಿಗೆ ಇದು ಮೊದಲೇ ಗೊತ್ತಿತ್ತು. ಆಗ ಅದರ ನಿರ್ದೇಶಕರಾಗಿದ್ದ ಎಂ. ಶಂಕರನ್ ಸೌರಫಲಕ, ವಿದ್ಯುತ್ ವ್ಯವಸ್ಥೆಗಳಲ್ಲೇ ಪಳಗಿದವರು. ಕೆಲಸವೆಲ್ಲ ಮುಗಿದ ಮೇಲೆ ಸೆಪ್ಟೆಂಬರ್ 2ರಂದು ಪ್ರಜ್ಞಾನನನ್ನು ಮಲಗಿಸಿದರು. ಬ್ಯಾಟರಿ ಪೂರ್ತಿ ತುಂಬಿತ್ತು. ಸೆಪ್ಟೆಂಬರ್ 22ರ ಸೂರ್ಯೋದಯದ ಕಿರಣ ಬೀಳುವಂತೆ ಫಲಕವನ್ನು ತಿರುಗಿಸಿ, ಕರೆಯನ್ನು ಕೇಳುವ ಕಿವಿಯೊಂದನ್ನು ತೆರೆದಿಟ್ಟರು. ಎರಡು ದಿನ ಬಿಟ್ಟು ವಿಕ್ರಮನನ್ನೂ ಮಲಗಿಸಿದರು.

ಆ 22ರ ದಿನ ನಾನು ಟಿ.ವಿ. ಮುಂದಿನಿಂದ ಏಳಲಿಲ್ಲ. ಸಂಜೆ ಲಡಾಖಿನಿಂದ ಫೋನು.

“ಕಾಕಾ, ವಿಕ್ರಮ ಎದ್ದನೇನ್ರಿ?”

“ಇನ್ನೂ ಇಲ್ಲಪ್ಪಾ. ಕರಿಯಾಕತ್ಯಾರ.”

“ಅವನ ಬ್ಯಾಟರಿನೂ ನಮ್ಮ ದೀಪದ ಹಂಗ ಆತೇನ್ರಿ?”

ನಾನು ಕೂಡಲೇ ಉತ್ತರ ಕೊಡಲಿಲ್ಲ. ವಿಕ್ರಮ ಮತ್ತೆ ಏಳಲಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಎರಡೂ ಒಂದೇ ಅಲ್ಲವೆಂದು ನನಗೆ ಅನ್ನಿಸಿತು. ಪೀಣ್ಯದಲ್ಲಿ ಕುಳಿತವರು ತಮ್ಮ ಯಂತ್ರದ ಮಿತಿಯನ್ನು ಅಳೆದು, ಅದರೊಳಗೆ ಕೆಲಸ ಮುಗಿಸಿ, ಮಿಕ್ಕದ್ದನ್ನು ಆಸೆಯೆಂದೇ ಕರೆದು ಕಾದರು. ನಾನಾದರೋ ಅಳೆಯದೆ ಬುದ್ಧಿ ಹೇಳಿದ್ದೆ.

ಚಳಿಯ ರಾತ್ರಿಯನ್ನು ಗೆದ್ದವರೂ ಉಂಟು. 1970ರ ನವೆಂಬರಿನಲ್ಲಿ ಚಂದ್ರನ ಮೇಲಿಳಿದ ರಷ್ಯನ್ನರ ಲುನೊಖೋದ್ ಬಂಡಿಗೆ ಪಾತ್ರೆಯಂತೆ ಮುಚ್ಚಳವಿತ್ತು. ಹಗಲು ಮುಚ್ಚಳ ತೆರೆದರೆ ಅದರ ಒಳಮೈಯ ಸೌರಫಲಕ ಸೂರ್ಯನನ್ನು ನೋಡುತ್ತಿತ್ತು; ರಾತ್ರಿ ಮುಚ್ಚಿಕೊಂಡರೆ ಪೊಲೋನಿಯಂ ಎಂಬ ವಿಕಿರಣ ಧಾತುವಿನ ಕಾವು ಒಳಗನ್ನು ಬೆಚ್ಚಗಿಡುತ್ತಿತ್ತು. ಅದು ಸುಮಾರು ಹತ್ತು ತಿಂಗಳ ಕಾಲ ಬದುಕಿತು. 2004ರ ಜನವರಿಯಲ್ಲಿ ಮಂಗಳನ ಮೇಲಿಳಿದ ಅಮೆರಿಕದ ಸ್ಪಿರಿಟ್, ಆಪರ್ಚುನಿಟಿ ಎಂಬ ಬಂಡಿಗಳಲ್ಲಿ ಸೌರಫಲಕವೂ ಇತ್ತು, ಲಿಥಿಯಂ ಬ್ಯಾಟರಿಯೂ ಇತ್ತು. ಅವುಗಳನ್ನು ಕಟ್ಟಿದವರು ಹಾಕಿಕೊಂಡ ಕಟ್ಟಳೆ ನೋಡಿ: ಬ್ಯಾಟರಿ ಶಕ್ತಿ ಕೊಡುವಾಗ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯಬಾರದು, ತುಂಬುವಾಗ ಸೊನ್ನೆಗಿಂತ ಕೆಳಗೆ ಇರಲೇಬಾರದು. ನಮ್ಮ ಹುಡುಗನ ಡೇರೆಯ ಹೊರಗೆ ಅನ್ವಯಿಸಬೇಕಿದ್ದ ಕಟ್ಟಳೆಯೂ ಇದೇ! ಅದಕ್ಕಾಗಿ ಅವರು ಬ್ಯಾಟರಿಯನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ಏರೋಜೆಲ್ ಎಂಬ ಹೊಗೆಯಷ್ಟು ಹಗುರಾದ ವಸ್ತುವನ್ನು ಸುತ್ತ ಹೊದಿಸಿ, ತಲಾ ಒಂದು ವಾಟ್ ಶಾಖವನ್ನು ಸದಾ ಕೊಡುವ ಪ್ಲುಟೋನಿಯಂ ಗುಳಿಗೆಗಳನ್ನು ಎಂಟೆಂಟು ಇರಿಸಿದರು. 90 ದಿನಕ್ಕೆಂದು ಕಳಿಸಿದ ಆಪರ್ಚುನಿಟಿ, 2018ರ ಜೂನಿನಲ್ಲಿ ಧೂಳಿನ ಬಿರುಗಾಳಿ ಸೂರ್ಯನನ್ನೇ ಮರೆಮಾಡುವವರೆಗೆ, ಹದಿನಾಲ್ಕು ವರ್ಷ ನಡೆದಾಡಿತು.

ಇದನ್ನು ಓದಿದಾಗ ನನ್ನ ಅಜ್ಜಿ ನೆನಪಾದಳು. ರಾತ್ರಿ ಅಡುಗೆ ಮುಗಿದ ಮೇಲೆ ಆಕೆ ಒಲೆಯ ಕೆಂಡವನ್ನು ಆರಿಸುತ್ತಿರಲಿಲ್ಲ. ಬೂದಿ ಮುಚ್ಚಿ ಇಡುತ್ತಿದ್ದಳು. ಬೆಳಗ್ಗೆ ಬೂದಿ ಸರಿಸಿ, ಒಣಗಿದ ಕಡ್ಡಿಯಿಟ್ಟು ಊದಿದರೆ ಒಲೆ ಹೊತ್ತುತ್ತಿತ್ತು. ಬೆಂಕಿಕಡ್ಡಿಯೊಂದು ಉಳಿಯಿತೆಂದು ಆಕೆಯ ಸಂತೋಷ. ಬೂದಿ ಮುಚ್ಚಿದ ಕೆಂಡವೆಂಬ ಮಾತು ಅಪಾಯಕ್ಕೂ ಸಲ್ಲುತ್ತದೆ, ಆಸರೆಗೂ ಸಲ್ಲುತ್ತದೆ.

ಕೆಂಡವಿಲ್ಲದೆಯೂ ಕೆಲವೊಮ್ಮೆ ಒಲೆ ಹೊತ್ತುವುದುಂಟು. 2024ರ ಜನವರಿಯಲ್ಲಿ ಚಂದ್ರನ ಮೇಲೆ ತಲೆಕೆಳಗಾಗಿ ಇಳಿದ ಜಪಾನಿನ ಸ್ಲಿಮ್ ನೌಕೆ ರಾತ್ರಿಯನ್ನು ಕಳೆಯಲು ಕಟ್ಟಿದ್ದಲ್ಲ. ಆದರೂ ಅದು ಮೂರು ಚಂದ್ರರಾತ್ರಿಗಳನ್ನು ಕಳೆದು ಏಪ್ರಿಲಿನವರೆಗೆ ಎದ್ದೆದ್ದು ಮಾತನಾಡಿತು. ಅದು ಭಾಗ್ಯ. ಭಾಗ್ಯವನ್ನು ನಂಬಿ ಡೇರೆಯಲ್ಲಿ ಎಂಟು ಮಂದಿಯನ್ನು ಮಲಗಿಸಲಾಗದು.

ನೆಲದ ಮೇಲೆ ಬಾಳುವ ನಮಗೆ ಪ್ಲುಟೋನಿಯಂ ಬೇಡ. ಈ ಚರಿತ್ರೆಯಿಂದ ಡೇರೆಗೆ, ಮನೆಗೆ ಇಳಿದು ಬರುವ ಪಾಠಗಳು ಸರಳವಾದವು. ಬ್ಯಾಟರಿಯೊಳಗೆ ಶೀತಮಾಪಕವಿದ್ದು, ಸೊನ್ನೆಯ ಹತ್ತಿರ ಬಂದೊಡನೆ ತುಂಬುವುದನ್ನು ತಾನಾಗಿ ನಿಲ್ಲಿಸುವ ಕಾವಲು ಸರ್ಕ್ಯೂಟು ಇರುವಂಥದ್ದನ್ನೇ ಕೊಳ್ಳಬೇಕು. ಮಾಪಕ ಅಳೆಯಬೇಕಾದದ್ದು ಹೊರಗಿನ ಗಾಳಿಯನ್ನಲ್ಲ, ಬ್ಯಾಟರಿಯ ಮೈಯನ್ನು. ಗಾಳಿ ಬೆಚ್ಚಗಾದ ಎಷ್ಟೋ ಹೊತ್ತಿನ ಮೇಲೆ ಬ್ಯಾಟರಿಯ ಒಡಲು ಬೆಚ್ಚಗಾಗುತ್ತದೆ. ಕೆಲವು ಬ್ಯಾಟರಿಗಳಲ್ಲಿ ತೆಳುವಾದ ಕಾವಿನ ಹಾಳೆಯುಂಟು: ಫಲಕದ ಮೊದಲ ವಿದ್ಯುತ್ತು ಹಾಳೆಯನ್ನು ಕಾಯಿಸುತ್ತದೆ, ಮೈ ಬೆಚ್ಚಗಾದ ಮೇಲೆ ತುಂಬುವುದು. ಅದಿಲ್ಲದಿದ್ದರೆ ಫಲಕ ಹೊರಗಿರಲಿ, ಬ್ಯಾಟರಿ ಒಳಗಿರಲಿ, ನಡುವೆ ತಂತಿ ಹೋಗಲಿ. ಪೆಟ್ಟಿಗೆಗೆ ಥರ್ಮೋಕೋಲಿನ ಹೊದಿಕೆ ಹಾಕಿದರೆ ಶಾಖ ಬೇಗ ಸೋರುವುದಿಲ್ಲ. ಆದರೆ ಹೊದಿಕೆ ಶಾಖವನ್ನು ಹುಟ್ಟಿಸುವುದಿಲ್ಲವೆಂಬುದನ್ನು ಮರೆಯಬಾರದು. ಬೆಚ್ಚಗೆ ಮಾಡಬೇಕೆಂದು ಒಲೆಯ ಮೇಲೆ ಹಿಡಿಯುವುದು, ಬಿಸಿನೀರಿನಲ್ಲಿ ಅದ್ದುವುದು ಸಲ್ಲದು. ಉಬ್ಬಿದ ಬ್ಯಾಟರಿಯನ್ನು ಇನ್ನೊಮ್ಮೆ ತುಂಬುವ ಪ್ರಯತ್ನ ಬೇಡ. ಚುಚ್ಚುವುದೂ ಬೇಡ, ಮಲಗುವ ಕಡೆ ಇಡುವುದೂ ಬೇಡ. ಐರನ್ ಫಾಸ್ಫೇಟಿನ ಬಗೆ ಬೆಂಕಿಯ ವಿಷಯದಲ್ಲಿ ಹೆಚ್ಚು ಸಾಧುವೆಂಬುದು ನಿಜ. ಆದರೆ ಅದರಲ್ಲಿಯೂ ಇರುವುದು ಅದೇ ಗ್ರಾಫೈಟು. ಸೊನ್ನೆ ಡಿಗ್ರಿಯ ಕಟ್ಟಳೆಯಿಂದ ಅದಕ್ಕೂ ವಿನಾಯಿತಿಯಿಲ್ಲ.

2023ರ ಅಕ್ಟೋಬರಿನಲ್ಲಿ ಹುಡುಗ ಮತ್ತೆ ರಜೆಗೆ ಬಂದ. ಈ ಸಲ ಬೇರೆ ದೀಪ ತರಿಸಿದ್ದೆ. ಡಬ್ಬಿ ಬೇರೆ, ಫಲಕ ಬೇರೆ, ಚಳಿಯಲ್ಲಿ ತುಂಬುವುದನ್ನು ತಡೆಯುವ ಸರ್ಕ್ಯೂಟು ಒಳಗೇ. ಆದರೂ ಡಬ್ಬಿಯ ಮೈಗೆ ಒಂದು ಸಣ್ಣ ಉಷ್ಣಮಾಪಕವನ್ನು ನಾನೇ ಅಂಟಿಸಿದೆ. ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ವಿವರಿಸಿ, “ಇದು 5 ಡಿಗ್ರಿ ದಾಟಿದ ಮ್ಯಾಲೇ ತಂತಿ ಜೋಡಿಸು,” ಎಂದೆ.

ಅವನು ಎಲ್ಲವನ್ನೂ ಕೇಳಿಸಿಕೊಂಡು, “ಹೌದ್ರಿ ಕಾಕಾ,” ಎಂದ. ಆಮೇಲೆ, ಹಿರಿಯರ ಮನಸ್ಸನ್ನು ನೋಯಿಸದ ದನಿಯಲ್ಲಿ, “ಒಮ್ಮೆ ನಮ್ಮ ಹವಾಲ್ದಾರ್ ಸಾಹೇಬ್ರನ್ನೂ ಕೇಳ್ತೀನ್ರಿ,” ಎಂದು ಸೇರಿಸಿದ.

ಕೇಳಲೇಬೇಕೆಂದು ನಾನೂ ಹೇಳಿದೆ. ಆ ಚಳಿಯನ್ನು ಕಂಡವರು ಅವರು.